ಶಾಲೆ ಬಿಡಲು ಕಾರಣ

ನಮ್ಮ ಕಡೆ ಹೈಸ್ಕೂಲು ಸೇರುವುದು ಸುಲಭ, ಬಿಟ್ಟು ಹೊರಬರುವುದೇ ಕಷ್ಟ. ಆರು ಊರು, ಆರು ಹೈಸ್ಕೂಲು, ಆರಕ್ಕೂ ಸೇರಿ ಒಂದು ಕ್ರೀಡಾ ಒಕ್ಕೂಟ. ವರ್ಷಕ್ಕೊಂದು ಸಲ, ಸಂಕ್ರಾಂತಿ ಮುಗಿದ ಮೇಲಿನ ಎರಡನೇ ಶನಿವಾರ, ಒಕ್ಕೂಟದ ಕಬಡ್ಡಿ ಪಂದ್ಯಗಳು ನಡೆಯುತ್ತವೆ. ಗೆದ್ದ ಶಾಲೆಗೆ ಒಂದು ಹಿತ್ತಾಳೆ ಢಾಲು ಕೊಡುತ್ತಾರೆ, ಆ ಶಾಲೆಯ ಹತ್ತನೇ ತರಗತಿಯವರಿಗೆಲ್ಲ ಟಿ.ಸಿ. ಕೊಡುತ್ತಾರೆ. ಸೋತ ಐದು ಶಾಲೆಯವರು ಸೋಮವಾರ ತಿರುಗಿ ಬಂದು ಅದೇ ಬೆಂಚಿನ ಮೇಲೆ ಕೂರುತ್ತಾರೆ. ನಾನು ಹಾಗೆ ನಲವತ್ತು ಸಲ ತಿರುಗಿ ಬಂದು ಕೂತವನು. ನಲವತ್ತೊಂದನೆಯ ವರ್ಷ, ನನಗೆ ಐವತ್ತೇಳು ತುಂಬಿದಾಗ, ಏನಾಯಿತು ಎಂಬುದನ್ನು ಹೇಳುತ್ತೇನೆ. ದಡ್ಡನಾಗಿದ್ದಕ್ಕೆ ಕೂತೆ ಅಂದುಕೊಳ್ಳಬೇಡಿ. ಹತ್ತನೇ ತರಗತಿಯ ಗಣಿತವನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತೇನೆ.

ಟಿ.ಸಿ. ಇಲ್ಲದವನು ನಮ್ಮ ಆರು ಊರುಗಳಲ್ಲಿ ಹುಡುಗ. ಹುಡುಗ ಮೀಸೆ ಬಿಡುವಂತಿಲ್ಲ, ಮತ ಹಾಕುವಂತಿಲ್ಲ, ಮದುವೆಯಾಗುವಂತಿಲ್ಲ, ಯಾವ ಕಾಗದಕ್ಕೂ ಸಹಿ ಮಾಡುವಂತಿಲ್ಲ. ದುಡಿಯಬಹುದು, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಬೆಳಿಗ್ಗೆ ಪ್ರಾರ್ಥನೆ, ಹಾಜರಿ, ಎರಡು ಪಾಠ ಮುಗಿಸಿ ಹನ್ನೊಂದಕ್ಕೆ ನಾನು ಟೇಲರ್ ಅಂಗಡಿ ತೆಗೆಯುತ್ತಿದ್ದೆ. ಆರೂ ಶಾಲೆಗಳ ಸಮವಸ್ತ್ರ ಹೊಲಿಯುವವನು ನಾನೇ. ನಲವತ್ತೆರಡು ಇಂಚು ಸೊಂಟಕ್ಕೆ ಅರ್ಧ ಚಡ್ಡಿ ಹೊಲಿಯುವ ಕಸುಬು ನನ್ನಷ್ಟು ಯಾರಿಗೂ ಬರುವುದಿಲ್ಲ ಎಂದು ಜಂಬದಿಂದಲೇ ಹೇಳುತ್ತೇನೆ. ಎದುರಿನ ಚಹಾದಂಗಡಿಯವನು ನನಗೆ ಚಹಾ ಕೊಡುತ್ತಿರಲಿಲ್ಲ, ಹಾಲು ಕೊಡುತ್ತಿದ್ದ. "ಬೆಳಿಯೂ ಹುಡುಗರು ಚಾ ಕುಡೀಬಾರದು" ಅನ್ನುತ್ತಿದ್ದ. ಅವನಿಗೆ ಇಪ್ಪತ್ತಾರು ವರ್ಷ. ಮೀಸೆ ತಿರುವಿಕೊಂಡೇ ಈ ಮಾತು ಹೇಳುತ್ತಿದ್ದ.

ಎಲ್ಲಕ್ಕಿಂತ ಕಿರಿಕಿರಿಯದು ರಜೆ ಚೀಟಿ. ಅದಕ್ಕೆ ಪೋಷಕರ ಸಹಿ ಬೇಕು. ಅಪ್ಪ ಇರುವ ತನಕ ಅಪ್ಪ ಮಾಡಿದ, ಆಮೇಲೆ ಅಣ್ಣ ಮಾಡಿದ, ಅಣ್ಣನೂ ತೀರಿಕೊಂಡ ಮೇಲೆ ಅಣ್ಣನ ಮಗ ಈರಣ್ಣ ನನ್ನ ಪೋಷಕನಾದ. ಈರಣ್ಣನ ಮೂಗು ಒರೆಸಿ ಬೆಳೆಸಿದವನು ನಾನು. ಅವನು ಬೇರೆ ಊರಿನ ಶಾಲೆಗೆ ಹೋಗಿ ಹತ್ತೊಂಬತ್ತಕ್ಕೇ ಟಿ.ಸಿ. ಹಿಡಿದುಕೊಂಡು ಬಂದಿದ್ದ. ಒಮ್ಮೆ ದವಡೆಹಲ್ಲು ಕೀಳಿಸಲು ಒಂದು ದಿನದ ರಜೆ ಬೇಕಾಗಿ ಅವನ ಮುಂದೆ ಚೀಟಿ ಹಿಡಿದು ನಿಂತೆ.

"ಕಾಕಾ, ಹೋದ ತಿಂಗಳನೂ ಹೊಟ್ಟಿ ನೋವು ಅಂತ ರಜಾ ತಗೊಂಡಿದ್ದಿ. ಈಗ ಖರೇನ ಹಲ್ಲು ನೋಯಾಕತ್ತೇತೋ, ಇಲ್ಲಾ ನೆವಾ ಹೇಳಾಕತ್ತೀಯೋ?"

"ಬಾಯಿ ತಗೀತೀನಿ, ನೀನ ನೋಡ್ಕೋಪಾ" ಅಂದೆ. ಅವನು ನಿಜವಾಗಿಯೂ ಬ್ಯಾಟರಿ ತಂದು, ಬಾಯಿಯೊಳಗೆ ಬೆಳಕು ಬಿಟ್ಟು ನೋಡಿ, ಆಮೇಲೆ ಸಹಿ ಹಾಕಿದ.

ಒಕ್ಕೂಟದ ಚರಿತ್ರೆಯನ್ನು ಸ್ವಲ್ಪ ಹೇಳಬೇಕು. ಮೊದಲು ನಾಲ್ಕೇ ಶಾಲೆಗಳಿದ್ದವು: ಗುಡ್ಡದ ಊರಿನದು, ಸಂತೆ ಊರಿನದು, ಎರಡು ಬಾವಿ ಊರಿನದು, ಸೇತುವೆ ಊರಿನದು. ಸೇತುವೆ ಊರಿನಲ್ಲಿ ಸೇತುವೆ ಇಲ್ಲ. ಇನ್ನೇನು ಕಟ್ಟುತ್ತೇವೆ ಎಂದು ಯಾರೋ ಭಾಷಣ ಮಾಡಿದ ವರ್ಷ ಹೆಸರು ಬದಲಾಯಿಸಿಕೊಂಡರು, ಅಷ್ಟೇ. ಅಲ್ಲಿಂದ ಎಲ್ಲಿಗೆ ಹೋಗಬೇಕಾದರೂ ಮರಳಿನ ಹಳ್ಳ ದಾಟಬೇಕು. ಐದನೆಯದಾಗಿ ಸುಣ್ಣದ ಭಟ್ಟಿ ಊರಿನ ಶಾಲೆ ಬಂತು. ಅವರನ್ನು ಸೇರಿಸಿಕೊಂಡದ್ದು ಅಂಗಳಕ್ಕೆ ಗೆರೆ ಎಳೆಯುವ ಸುಣ್ಣ ಬಿಟ್ಟಿ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ. ಐದಾದರೆ ಜೋಡಿ ಕೂಡುವುದಿಲ್ಲವೆಂದು ಆರನೆಯದಾಗಿ ನಮ್ಮ ಶಾಲೆಯನ್ನು ಕರೆದರು. ನಮ್ಮ ಆಟ ನೋಡಿ ಕರೆದದ್ದಲ್ಲ, ನಮ್ಮನ್ನು ಕರೆದದ್ದು ಲೆಕ್ಕ ಸರಿಹೊಂದಲೆಂದು.

ಎರಡು ಬಾವಿ ಊರಿನವರು ನಾನು ಹೇಳುತ್ತಿರುವ ವರ್ಷದ ತನಕ ಏಳು ಸಲ ಒಕ್ಕೂಟ ಬಿಟ್ಟಿದ್ದರು, ಏಳೂ ಸಲ ಉಪ್ಪಿಟ್ಟಿನ ಸಲುವಾಗಿ. ಪಂದ್ಯದ ದಿನ ಬೆಳಿಗ್ಗೆ ಎಲ್ಲ ತಂಡಗಳಿಗೂ ಉಪ್ಪಿಟ್ಟು ಕೊಡುವ ಪದ್ಧತಿ. ತಮ್ಮ ಸಾಲಿಗೆ ಬರುವ ಹೊತ್ತಿಗೆ ತಳ ಹಿಡಿದದ್ದೇ ಬರುತ್ತದೆ ಎಂದು ಅವರ ದೂರು. ಸಿಟ್ಟಿನಿಂದ ರಾಜೀನಾಮೆ ಬರೆದುಕೊಟ್ಟು ಹೋಗುತ್ತಾರೆ, ಎಂಟು ದಿನ ಬಿಟ್ಟು ತಿರುಗಿ ಸೇರುತ್ತಾರೆ. ಸೇರದಿದ್ದರೆ ಟಿ.ಸಿ. ಎಲ್ಲಿಂದ ಬರಬೇಕು?

ಒಕ್ಕೂಟದ ನಿಯಮಗಳೆಲ್ಲ ಒಂದು ಕೆಂಪು ರಟ್ಟಿನ ಪುಸ್ತಕದಲ್ಲಿವೆ. ಅದು ಒಕ್ಕೂಟದ ಕಾರ್ಯದರ್ಶಿಯೂ ಅಂಪೈರೂ ಆದ ಗುರುಶಾಂತ ಮಾಸ್ತರರ ಕಂಕುಳಲ್ಲಿ ಯಾವಾಗಲೂ ಇರುತ್ತದೆ. ನಿಯಮ ಒಂಬತ್ತು: ಪಂದ್ಯದ ಸೀಟಿ ಊದಿದಾಗ ಏಳು ಮಂದಿ ಅಂಗಳದಲ್ಲಿಲ್ಲದ ತಂಡ ಸೋತಂತೆ, ಹಾಜರಿದ್ದ ತಂಡ ಆಡದೆಯೇ ಗೆದ್ದಂತೆ. ಒಂದು ವರ್ಷ ಗುಡ್ಡದ ಊರಿನ ತಂಡವೂ ಸಂತೆ ಊರಿನ ತಂಡವೂ ಒಂದೇ ಮದುವೆಯ ಊಟಕ್ಕೆ ಹೋಗಿ ಕೂತುಬಿಟ್ಟವು. ಆಗಿನ ಅಂಪೈರು ಖಾಲಿ ಅಂಗಳದಲ್ಲಿ ಸೀಟಿ ಊದಿ ಊದಿ ಸುಸ್ತಾದರು. ಇಬ್ಬರೂ ಬಾರದಿದ್ದರೆ ಗೆದ್ದವರು ಯಾರು? ಅದಕ್ಕಾಗಿ ನಿಯಮ ಇಪ್ಪತ್ತೆರಡು ಬರೆದರು: ಎರಡೂ ತಂಡ ಅಂಗಳದಲ್ಲಿ ಇಲ್ಲದಿದ್ದರೆ ಅಂಪೈರೇ ಅವರಿರುವಲ್ಲಿಗೆ ಹೋಗಿ, ಅಲ್ಲೇ ಗೆರೆ ಎಳೆದು ಆಡಿಸಬೇಕು. ಆ ವರ್ಷದ ಪಂದ್ಯ ಮದುವೆ ಹಂದರದಲ್ಲಿ ನಡೆಯಿತು. ಮದುಮಗನೇ ಅಂಕ ಬರೆದನಂತೆ.

ಸಾಮಾನ್ಯವಾಗಿ ಪ್ರತಿ ಶಾಲೆಯೂ ನಾಲ್ಕೈದು ವರ್ಷಕ್ಕೊಮ್ಮೆ ಗೆಲ್ಲುತ್ತದೆ. ಸೋಲುತ್ತ ಸೋಲುತ್ತ ಹುಡುಗರು ಬಲಿಯುತ್ತಾರೆ, ಬಲಿತವರು ಗೆದ್ದು ಹೊರಗೆ ಹೋಗುತ್ತಾರೆ, ಶಾಲೆಯಲ್ಲಿ ಎಳೆಯರು ಉಳಿಯುತ್ತಾರೆ, ಮತ್ತೆ ಸೋಲಲು ಶುರು. ನಮ್ಮ ಶಾಲೆ ಮಾತ್ರ ಈ ಲೆಕ್ಕಕ್ಕೆ ಸಿಗಲಿಲ್ಲ. ನಾವು ಬಲಿತೆವು, ಹಣ್ಣಾದೆವು, ಉದುರತೊಡಗಿದೆವು. ಊರಿನ ತಂದೆತಾಯಂದಿರು ಹೆದರಿ ತಮ್ಮ ಮಕ್ಕಳನ್ನು ಹಳ್ಳದಾಚೆಯ ಸೇತುವೆ ಊರಿನ ಶಾಲೆಗೆ ಹಾಕಿದರು. ಮೂವತ್ನಾಲ್ಕು ಮಂದಿಯಿದ್ದ ನಮ್ಮ ತರಗತಿಯಲ್ಲಿ ಕೆಲವರು ಆರು ಊರುಗಳ ಆಚೆ ಓಡಿಹೋದರು, ಕೆಲವರು ಸತ್ತರು. ಗಿರಿಮಲ್ಲ ಸಾಯುವ ಹಿಂದಿನ ದಿನ ನನ್ನನ್ನು ಕೇಳಿದ್ದು ನಾಳೆಯ ಮನೆಗೆಲಸ ಏನಿದೆ ಎಂದು. ಕೊನೆಗೆ ಉಳಿದದ್ದು ಏಳು ಮಂದಿ. ಕಬಡ್ಡಿಗೆ ಬೇಕಾದದ್ದೂ ಏಳೇ ಮಂದಿ. ನಮ್ಮ ಹೆಡ್‌ಮಾಸ್ತರ್ ಚನ್ನಬಸು ಅವರಿಗೆ ಮೂವತ್ತಾರು ವರ್ಷ. ಬೆಂಚಿನ ಮೇಲೆ ನಿಲ್ಲಿಸುವ ಶಿಕ್ಷೆಯನ್ನು ನಮ್ಮ ಮಂಡಿಗಳನ್ನು ನೋಡಿ ಬೆಂಚಿನ ಪಕ್ಕ ನಿಲ್ಲಿಸುವುದಕ್ಕೆ ಇಳಿಸಿದ ಪುಣ್ಯಾತ್ಮರು ಅವರು.

ಇನ್ನು ಕಸ್ತೂರಿಯ ವಿಷಯ. ಅವಳು ನಮ್ಮ ಏಳು ಮಂದಿಯಲ್ಲಿ ಒಬ್ಬಳು, ಊರಿನ ಆಸ್ಪತ್ರೆಯ ನರ್ಸು. ಬೆಳ್ಳಗಾದ ಕೂದಲಿಗೆ ಎರಡು ಜಡೆ, ಜಡೆಗೆ ಕೆಂಪು ರಿಬ್ಬನ್ನು. ಆ ರಿಬ್ಬನ್ನು ಕಟ್ಟಿಕೊಂಡೇ ಮೂವತ್ತು ವರ್ಷದಿಂದ ಊರಿನ ಹೆರಿಗೆಗಳನ್ನೆಲ್ಲ ಮಾಡಿಸಿದ್ದಾಳೆ. ನಾವು ಹತ್ತನ್ನು ಸೇರಿದ ಏಳನೆಯ ವರ್ಷ ನಾನು ಅವಳ ಕಂಪಾಸು ಪೆಟ್ಟಿಗೆಯಲ್ಲಿ ಒಂದು ಚೀಟಿ ಇಟ್ಟೆ. ನನ್ನನ್ನು ಮದುವೆಯಾಗುತ್ತೀಯಾ ಎಂದು ಬರೆದಿದ್ದೆ, ಅಕ್ಷರ ದುಂಡಗೆ ಬರಲಿ ಎಂದು ನಾಲ್ಕು ಸಲ ತಿದ್ದಿದ್ದೆ. ಮರುದಿನ ಅವಳು ನನ್ನ ಬೆಂಚಿನ ಹತ್ತಿರ ಬಂದು, "ಟಿ.ಸಿ. ಬರಲಿ. ಬಂದ ದಿನ ಹೇಳತೀನಿ" ಅಂದಳು. ಅದು ಒಪ್ಪಿಗೆಯೇ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು, ಗಿರಿಮಲ್ಲನಿಗೂ ಗೊತ್ತಿತ್ತು.

ಒಂಬತ್ತನೆಯ ವರ್ಷ ನಾವು ಫೈನಲ್ ಮುಟ್ಟಿದೆವು. ನಾನೇ ಕ್ಯಾಪ್ಟನ್. ಎದುರಾಳಿ ಸೇತುವೆ ಊರು. ಅವರ ಲಾರಿ ಹಳ್ಳದ ಮರಳಿನಲ್ಲಿ ಹೂತುಹೋಗಿದೆ ಎಂದು ಸುದ್ದಿ ಬಂತು. ಸುಮ್ಮನೆ ಅಂಗಳದಲ್ಲಿ ನಿಂತಿದ್ದರೆ ಸಾಕಿತ್ತು, ನಿಯಮ ಒಂಬತ್ತರ ಪ್ರಕಾರ ಮೂವತ್ನಾಲ್ಕು ಮಂದಿಗೂ ಟಿ.ಸಿ. ಬರುತ್ತಿತ್ತು. ನಾನು ಸುಮ್ಮನೆ ನಿಲ್ಲಲಿಲ್ಲ. ಆಡದೆ ಗೆಲ್ಲುವುದು ಗಂಡಸುತನವಲ್ಲ, ಆಡಿಯೇ ಗೆಲ್ಲೋಣ ಎಂದು ಒಂದು ಭಾಷಣ ಬಿಗಿದು, ಶಾಲೆಯ ವ್ಯಾನನ್ನು ಅವರನ್ನು ಕರೆತರಲು ಕಳಿಸಿಕೊಟ್ಟೆ. ಅವರು ಬಂದರು, ನಮ್ಮ ಮಡಕೆಯ ನೀರು ಕುಡಿದರು, ನಮ್ಮನ್ನು ಎರಡು ಅಂಕದಿಂದ ಸೋಲಿಸಿದರು, ಟಿ.ಸಿ. ತೆಗೆದುಕೊಂಡು ಹೋದರು. ಸೋಮವಾರ ಕಸ್ತೂರಿ ಆ ಚೀಟಿಯನ್ನು ನನ್ನ ಬೆಂಚಿನ ಮೇಲೆ ಇಟ್ಟಳು.

"ನಿನಗ ನಾಕು ಮಂದಿ ಶಹಬ್ಬಾಸ್ ಅನ್ನೂದು ಬೇಕಾಗಿತ್ತು, ಫಕೀರಪ್ಪ. ನನ್ನ ಉತ್ತರ ಬೇಕಾಗಿರಲಿಲ್ಲ."

ಆಮೇಲೆ ಮೂವತ್ತೆರಡು ವರ್ಷ ಅವಳು ನನ್ನ ಕೂಡ ಮಾತಾಡಲಿಲ್ಲ. ಹಾಜರಿಯಲ್ಲಿ ಅವಳ ಹೆಸರಿಗೂ ನನ್ನ ಹೆಸರಿಗೂ ನಡುವೆ ಮೊದಲು ಹನ್ನೊಂದು ಹೆಸರುಗಳಿದ್ದವು. ಒಬ್ಬೊಬ್ಬರೇ ಹೋಗಿ ಹೋಗಿ, ಕಸ್ತೂರಿ ಎಂದ ಕೂಡಲೇ ಫಕೀರಪ್ಪ ಎಂದು ಕರೆಯುವ ಹಾಗಾಯಿತು. ಅವಳು "ಹಾಜರ್" ಅನ್ನುತ್ತಿದ್ದಳು, ಮರುಕ್ಷಣ ನಾನು "ಹಾಜರ್" ಅನ್ನುತ್ತಿದ್ದೆ. ನಮ್ಮ ಸಂಸಾರ ಅಷ್ಟರಲ್ಲೇ ನಡೆಯುತ್ತಿತ್ತು.

ನಲವತ್ತೊಂದನೆಯ ವರ್ಷ ಕಲ್ಲಪ್ಪನ ಮಂಡಿ ಕೈಕೊಟ್ಟಿತು. ಕಲ್ಲಪ್ಪ ಹಿಟ್ಟಿನ ಗಿರಣಿಯವನು, ನೂರಾ ಎಂಟು ಕಿಲೋ ತೂಗುವ ನಮ್ಮ ಸಹಪಾಠಿ. ಹೋಳಿ ಆದ ಮೇಲೆ ಶಸ್ತ್ರಚಿಕಿತ್ಸೆ, ಆಮೇಲೆ ಜನ್ಮದಲ್ಲಿ ಕಬಡ್ಡಿ ಆಡುವಂತಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ಏಳರಲ್ಲಿ ಒಬ್ಬ ಹೋದರೆ ತಂಡವೇ ಇಲ್ಲ, ತಂಡವಿಲ್ಲದಿದ್ದರೆ ಢಾಲಿಲ್ಲ, ಢಾಲಿಲ್ಲದಿದ್ದರೆ ಟಿ.ಸಿ. ಇಲ್ಲ. ಇದೇ ಕೊನೆಯ ಶನಿವಾರ. ಇದು ತಪ್ಪಿದರೆ ನಾನು ಹುಡುಗನಾಗಿಯೇ ಸಾಯುತ್ತೇನೆ, ಕಸ್ತೂರಿಯ ಉತ್ತರ ಕೇಳದೆಯೇ ಸಾಯುತ್ತೇನೆ ಎಂದು ನನಗೆ ಸ್ಪಷ್ಟವಾಗಿತ್ತು. ಸಿಟ್ಟು ಮಾಡಿಕೊಂಡವಳು ಉತ್ತರ ಕೊಡುತ್ತಾಳೆಯೇ ಎಂದು ನೀವು ಕೇಳಬಹುದು. ನಾನೂ ದಿನಾ ಅದನ್ನೇ ಕೇಳಿಕೊಳ್ಳುತ್ತಿದ್ದೆ.

ಆ ವರ್ಷ ಪಂದ್ಯ ನಮ್ಮದೇ ಶಾಲೆಯ ಅಂಗಳದಲ್ಲಿತ್ತು. ಬೆಳಿಗ್ಗೆಯಿಂದಲೇ ನಮ್ಮ ಅದೃಷ್ಟ ವಿಚಿತ್ರವಾಗಿ ಖುಲಾಯಿಸಿತು. ಮೊದಲ ಪಂದ್ಯ ಸುಣ್ಣದ ಭಟ್ಟಿ ಊರಿನ ಮೇಲೆ. ಅವರ ಮುಖ್ಯ ಆಟಗಾರ, ಇಪ್ಪತ್ತೊಂದು ವರ್ಷದ ಗಟ್ಟಿ ಆಳು, ಮೂಗಿನ ಕೆಳಗೆ ಕರವಸ್ತ್ರ ಕಟ್ಟಿಕೊಂಡು ಬಂದಿದ್ದ. ನೆಗಡಿ ಎಂದ. ಗುರುಶಾಂತ ಮಾಸ್ತರರು ಕರವಸ್ತ್ರ ಎಳೆದರೆ ಒಳಗೆ ಒಂದು ತಿಂಗಳ ಮೀಸೆ. ಹೆಣ್ಣು ನೋಡಲು ಹೋಗಲಿಕ್ಕೆ ಕದ್ದು ಬಿಟ್ಟಿದ್ದನಂತೆ. ತಂಡವನ್ನೇ ಹೊರಗೆ ಹಾಕಿದರು. ಎರಡನೆಯ ಪಂದ್ಯ ಎರಡು ಬಾವಿ ಊರಿನ ಮೇಲೆ. ಅವರು ಉಪ್ಪಿಟ್ಟಿನ ಪಾತ್ರೆಯ ತಳ ಕಂಡು, ಎಂಟನೆಯ ರಾಜೀನಾಮೆ ಬರೆದುಕೊಟ್ಟು, ಬಸ್ಸು ಹತ್ತಿಬಿಟ್ಟರು. ನಾವು ಮೈಗೆ ಮಣ್ಣು ಸೋಕಿಸಿಕೊಳ್ಳದೆ ಫೈನಲ್ ಮುಟ್ಟಿದೆವು.

ಇನ್ನೊಂದು ಕಡೆಯಿಂದ ಫೈನಲ್ಲಿಗೆ ಬರಬೇಕಾದದ್ದು ಸೇತುವೆ ಊರು. ಹೋದ ವರ್ಷ ಢಾಲು ಗೆದ್ದವರಾದ್ದರಿಂದ ಅವರಿಗೆ ನೇರವಾಗಿ ಫೈನಲ್. ಅವರ ಬಲಿತವರೆಲ್ಲ ಹೊರಗೆ ಹೋಗಿ, ತಂಡದಲ್ಲಿದ್ದದ್ದು ಹದಿನೈದು ಹದಿನಾರರ ಮಕ್ಕಳು. ಅಷ್ಟೇ ಅಲ್ಲ, ಏಳರಲ್ಲಿ ಐದು ಮಕ್ಕಳು ನಮ್ಮ ಊರಿನವೇ, ಅಲ್ಲಿನ ಹಾಸ್ಟೆಲಿನಲ್ಲಿದ್ದು ಓದುವವು. ಅವರ ಕ್ಯಾಪ್ಟನ್ ಅಕ್ಷತಾ, ಈರಣ್ಣನ ಮಗಳು, ನನಗೆ ಮೊಮ್ಮಗಳಾಗಬೇಕು. ರಜೆಗೆ ಬಂದಾಗ ನಾವಿಬ್ಬರೂ ಒಂದೇ ಪುಸ್ತಕದಲ್ಲಿ ಓದುತ್ತಿದ್ದೆವು.

ಫೈನಲ್ ನಾಲ್ಕು ಗಂಟೆಗೆ. ಮೂರೂ ಇಪ್ಪತ್ತಕ್ಕೆ ಈರಣ್ಣ ಮೋಟಾರ್ ಸೈಕಲ್ ಮೇಲೆ ಧೂಳೆಬ್ಬಿಸಿಕೊಂಡು ಬಂದ. ನಾವು ಏಳೂ ಮಂದಿ ಬೇವಿನ ಮರದ ಕೆಳಗೆ ಕೂತಿದ್ದೆವು. ಅವನು ನನ್ನ ಮುಖ ನೋಡಿದ, ನೆಲ ನೋಡಿದ. ಪಾಪ, ಅವನು ನನಗೂ ಪೋಷಕ, ಅವಳಿಗೂ ಪೋಷಕ.

"ಕಾಕಾ, ಹುಡುಗರ ಲಾರಿ ಹಳ್ಳದಾಗ ಸಿಕ್ಕೊಂಡೇತಿ. ಗಾಲಿ ಅಚ್ಚಿನ ತನಕ ಇಳದಾವ. ಎಂಟು ಕಿಲೋಮೀಟರ್ ನಡಕೊಂಡು ಬರೂದ್ರಾಗ ನಾಕು ಹೊಡದಿರತೈತಿ."

"ಈರಣ್ಣಾ, ನೀ ಬಂದಿಲ್ಲ, ನಾವು ಕೇಳಿಲ್ಲ" ಅಂದ ಕಲ್ಲಪ್ಪ. "ಹೋಗಿ ನೆರಳಿಗೆ ಕುಂದ್ರು."

ನಾನು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅವುಗಳ ಮೇಲೆ ಕೂತುಬಿಟ್ಟೆ. ಒಮ್ಮೆ ಮಾಡಿದ ಔದಾರ್ಯಕ್ಕೆ ಮೂವತ್ತೆರಡು ವರ್ಷ ತೆತ್ತವನು ನಾನು. ಹಳ್ಳದಲ್ಲಿ ಆ ಮಕ್ಕಳು ಬಿಸಿಲಿಗೆ ನಿಂತಿರುವುದು ಕಣ್ಣಿಗೆ ಕಟ್ಟುತ್ತಿತ್ತು, ನಿಜ. ಆದರೂ ನನಗೆ ಟಿ.ಸಿ. ಬೇಕಾಗಿತ್ತು. ನಲವತ್ತು ನಿಮಿಷ ಕೈಮೇಲೆ ಕೂತರೆ ಸಾಕು, ಎಲ್ಲ ಮುಗಿಯುತ್ತದೆ ಎಂದು ಬೇವಿನ ಎಲೆಗಳನ್ನು ಎಣಿಸತೊಡಗಿದೆ.

ಕಸ್ತೂರಿ ತನ್ನ ಕೈಗಡಿಯಾರವನ್ನು ನೋಡಿದಳು. ಇನ್ನೊಮ್ಮೆ ನೋಡಿದಳು. ಆಮೇಲೆ ರಿಬ್ಬನ್ನು ಬಿಗಿದುಕೊಂಡು ಎದ್ದು ನಿಂತಳು.

"ಏಳ್ರಿ ಎಲ್ಲಾರೂ. ಕಲ್ಲಪ್ಪ, ಟೆಂಪೋ ತಗಿ."

"ಯಾಕವ್ವಾ ತಾಯಿ? ಅರ್ಧಾ ತಾಸು ಕುಂತ್ರ ನಾವು ಗೆದ್ದಂಗ!"

"ಆ ಲಾರ್ಯಾಗ ಇರೂ ಏಳು ಮಂದ್ಯಾಗ ಐದು ಮಂದಿನ್ನ ನಾ ಈ ಕೈಲೆ ಈ ಲೋಕಕ್ಕ ತಂದೀನಿ. ಅವನ್ನ ಬಿಸಿಲಾಗ ನಿಂದ್ರಿಸಿ ತಗೊಂಡ ಟಿ.ಸಿ. ಇಟ್ಕೊಂಡು ನಾ ಏನು ಮಾಡ್ಲಿ? ಏಳು."

"ಕಸ್ತೂರಿ, ಈ ಸಲ ನಾ ಏನೂ ಅಂದಿಲ್ಲ" ಅಂದೆ.

"ಗೊತ್ತೈತಿ. ನೀ ಅನ್ನಲಿಲ್ಲ ಅಂತನ ನಾ ಅನ್ನಾಕತ್ತೀನಿ. ಬಂದು ನೂಕು."

ಮೂವತ್ತೆರಡು ವರ್ಷದ ಮೇಲೆ ಅವಳು ನನಗೆ ಆಡಿದ ಮೊದಲ ಮಾತು ಅದು. ನಾನು ಹೋಗಿ ನೂಕಿದೆ.

ಕಲ್ಲಪ್ಪನ ಟೆಂಪೋ ನೂಕದೆ ಹೊರಡುವುದಿಲ್ಲ, ದಾರಿಯಲ್ಲಿ ನಿಂತಾಗಲೆಲ್ಲ ಮತ್ತೆ ನೂಕಬೇಕು. ನೂಕಲು ಆರು ಮಂದಿ ಬೇಕು, ನಡೆಸಲು ಕಲ್ಲಪ್ಪ ಬೇಕು. ಆಟ ನೋಡಲು ಬಂದ ಜನರನ್ನು ಕರೆದೆವು. ಒಬ್ಬನೂ ಏಳಲಿಲ್ಲ, ಟಿ.ಸಿ. ಇರುವವರು ಬಿಸಿಲಿನಲ್ಲಿ ಟೆಂಪೋ ನೂಕುವುದಿಲ್ಲ. ಹಾಗಾಗಿ ಏಳೂ ಮಂದಿ ಹೊರಟೆವು. ಮಕ್ಕಳನ್ನು ತುಂಬಿಕೊಂಡು ನಾಲ್ಕರೊಳಗೆ ತಿರುಗಿ ಬರುವುದು ನಮ್ಮ ಲೆಕ್ಕ. ಹಿಂದೆ ಹಿಟ್ಟಿನ ಚೀಲಗಳ ಮೇಲೆ ಕಸ್ತೂರಿ ನನ್ನ ಎದುರಿಗೇ ಕೂತಿದ್ದಳು. ಟೆಂಪೋ ಕುಲುಕಿದ ಹಾಗೆಲ್ಲ ಹಿಟ್ಟು ಹಾರಿ ಎಲ್ಲರೂ ಬೆಳ್ಳಗಾದೆವು.

"ಅವತ್ತೂ ನಿನಗ ಹಿಂಗ ಅನಿಸಿತ್ತೇನು?" ಅಂದಳು.

"ಹೌದು. ಹುಡುಗರು ಬಿಸಿಲಾಗ ನಿಂತಾರ ಅನಿಸಿತು."

"ಅಷ್ಟ ಹೇಳಿದ್ರ ಆಗತಿತ್ತಲ್ಲ? ಗಂಡಸ್ತನಾ, ಆಡಿ ಗೆಲ್ಲೂಣು ಅಂತ ಆ ಭಾಷಣ ಯಾಕ ಬಿಗದಿ?"

"ಕ್ಯಾಪ್ಟನ್ ಇದ್ದೆನಲ್ಲ" ಅಂದೆ. ಅವಳು ನಕ್ಕಳು. ಮುಖದ ತುಂಬ ಹಿಟ್ಟು, ನಡುವೆ ಆ ನಗು. ಇನ್ನು ಟಿ.ಸಿ. ಬರದಿದ್ದರೂ ಚಿಂತೆಯಿಲ್ಲ ಅನಿಸಿತು ನನಗೆ. ಒಂದು ಕ್ಷಣ ಮಾತ್ರ ಅನಿಸಿತು. ಮರುಕ್ಷಣ ಟಿ.ಸಿ. ಮೊದಲಿಗಿಂತ ಹೆಚ್ಚು ಬೇಕೆನಿಸಿತು.

ಹಳ್ಳದಲ್ಲಿ ಲಾರಿ ಒಂದು ಕಡೆ ವಾಲಿ ನಿಂತಿತ್ತು. ಮಕ್ಕಳು ಅದರ ನೆರಳಿನಲ್ಲಿ ಸಾಲಾಗಿ ಕೂತಿದ್ದವು, ಬಾಟಲಿಗಳೆಲ್ಲ ಖಾಲಿ. ನಮ್ಮನ್ನು ಕಂಡು ಅಕ್ಷತಾ ಓಡಿ ಬಂದು, "ಅಜ್ಜಾ, ನಿನಗೇನು ತಲಿ ಕೆಟ್ಟೈತೇನು? ಅಲ್ಲೇ ಇರಬೇಕಿಲ್ಲ?" ಎಂದು ಬೈದಳು. ಕಲ್ಲಪ್ಪ ಟೆಂಪೋವನ್ನು ಲಾರಿಯ ಹತ್ತಿರಕ್ಕೆ ಒಯ್ಯುತ್ತೇನೆಂದು ಮರಳಿಗೆ ಇಳಿಸಿದ. ಹತ್ತು ಅಡಿ ಹೋದದ್ದೇ ಅದೂ ಹೂತು ಕೂತುಬಿಟ್ಟಿತು. ಎರಡೂ ತಂಡ ಸೇರಿ ಹದಿನಾಲ್ಕು ಮಂದಿ, ಲಾರಿ ಡ್ರೈವರು, ಮೋಟಾರ್ ಸೈಕಲ್ ಮೇಲೆ ಹಿಂದೆಯೇ ಬಂದಿದ್ದ ಈರಣ್ಣ, ಎಲ್ಲರೂ ನೂಕಿದೆವು. ಲಾರಿಯೂ ಏಳಲಿಲ್ಲ, ಟೆಂಪೋವೂ ಏಳಲಿಲ್ಲ. ಕಸ್ತೂರಿಯ ಗಡಿಯಾರದಲ್ಲಿ ನಾಲ್ಕು ದಾಟಿತು. ಕಲ್ಲಪ್ಪ ಮರಳಿನ ಮೇಲೆ ಕುಕ್ಕರಿಸಿ, ಎರಡೂ ಕೈಯಿಂದ ತಲೆ ಹಿಡಿದುಕೊಂಡ.

ಐದಕ್ಕೆ ಹತ್ತು ನಿಮಿಷವಿರುವಾಗ ದಂಡೆಯ ಮೇಲೆ ಒಂದು ಸೈಕಲ್ ಕಾಣಿಸಿತು. ಕಂಕುಳಲ್ಲಿ ಕೆಂಪು ಪುಸ್ತಕ, ಕೊರಳಲ್ಲಿ ಸೀಟಿ, ಹ್ಯಾಂಡಲಿಗೆ ಸುಣ್ಣದ ಡಬ್ಬಿ. ಗುರುಶಾಂತ ಮಾಸ್ತರರ ಅಂಗಿ ಬೆವರಿನಿಂದ ತೊಯ್ದಿತ್ತು.

"ನಾಕಕ್ಕ ಸೀಟಿ ಊದಿದೆ. ಒಂದು ನರಪಿಳ್ಳೆ ಇರಲಿಲ್ಲ" ಎಂದು ಕಿರಿಚಿದರು. "ನಿಮ್ಮ ಅಪ್ಪನ ಮನಿ ಆಳು ಅಂತ ತಿಳದೀರೇನು ನನ್ನ? ನಿಯಮ ಇಪ್ಪತ್ತೆರಡು! ಎರಡೂ ತಂಡ ಎಲ್ಲಿರತಾವೋ ಅಲ್ಲೇ ಆಟ! ಎದ್ದು ನಿಂದರ್ರಿ!"

ನಾವು ಹದಿನಾಲ್ಕು ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆ ನಿಯಮ ನಮ್ಮಲ್ಲಿ ಯಾರಿಗೂ ನೆನಪಿರಲಿಲ್ಲ. ಮಾಸ್ತರರು ಸುಣ್ಣ ಚೆಲ್ಲಿ ಮರಳಿನ ಮೇಲೆ ಗೆರೆ ಎಳೆದರು, ಮಕ್ಕಳಿಗೆ ತಮ್ಮ ಬಾಟಲಿಯ ನೀರು ಕುಡಿಸಿದರು, ಸೀಟಿ ಊದಿದರು.

ಮರಳಿನ ಮೇಲೆ ಕಬಡ್ಡಿ ಆಡಿದವರಿಗೆ ಗೊತ್ತು, ಅಲ್ಲಿ ಕಾಲು ಒಳಗಿಳಿಯುತ್ತದೆ, ಓಟ ಸಾಗುವುದಿಲ್ಲ. ಆ ಮಕ್ಕಳ ಬಲವೆಲ್ಲ ಓಟದಲ್ಲಿತ್ತು. ನಮಗೆ ಓಟ ಮೊದಲೇ ಇರಲಿಲ್ಲವಾದ್ದರಿಂದ ಕಳೆದುಕೊಳ್ಳಲು ಏನೂ ಇರಲಿಲ್ಲ. ಗಟ್ಟಿ ನೆಲದಲ್ಲಿ ಅವರು ನಮ್ಮನ್ನು ಹತ್ತು ನಿಮಿಷದಲ್ಲಿ ಮಣ್ಣು ಮುಕ್ಕಿಸುತ್ತಿದ್ದರು. ಇಲ್ಲಿ ಹಿಡಿತ ಮುಖ್ಯವಾಯಿತು, ತೂಕ ಮುಖ್ಯವಾಯಿತು, ನಲವತ್ತೊಂದು ವರ್ಷ ಒಬ್ಬರ ಪಕ್ಕ ಒಬ್ಬರು ನಿಂತ ರೂಢಿ ಮುಖ್ಯವಾಯಿತು. ಕಸ್ತೂರಿ ದಾಳಿಗೆ ಹೋದರೆ ಆ ಮಕ್ಕಳು ಅವಳನ್ನು ಹಿಡಿಯಲು ಹಿಂಜರಿಯುತ್ತಿದ್ದವು, ಅವಳ ಕೈಯಲ್ಲಿ ಸೂಜಿ ಇಲ್ಲ ಎಂದು ಎಷ್ಟು ನೋಡಿಕೊಂಡರೂ. ಕೊನೆಯ ನಿಮಿಷಕ್ಕೆ ನಮ್ಮದು ಹತ್ತೊಂಬತ್ತು, ಅವರದು ಹದಿನೆಂಟು.

ಕೊನೆಯ ದಾಳಿಗೆ ಅಕ್ಷತಾ ಬಂದಳು. ಕಬಡ್ಡಿ ಕಬಡ್ಡಿ ಎನ್ನುತ್ತ ಸುತ್ತಿ ಸುತ್ತಿ ಬಂದು ನಮ್ಮ ಅಂದಾನಪ್ಪನನ್ನು ಮುಟ್ಟಿದಳು, ಬಸಲಿಂಗನನ್ನು ಮುಟ್ಟಿದಳು. ತಿರುಗಿ ಗೆರೆ ಮುಟ್ಟಿದರೆ ಎರಡು ಅಂಕ, ಢಾಲು ಅವರದು. ಹಿಂದಿರುಗುವ ದಾರಿಯಲ್ಲಿ ಕಲ್ಲಪ್ಪ ಅಡ್ಡ ಬಂದ. ಹಿಡಿದನೆಂದಲ್ಲ, ಮಂಡಿ ಮಡಚಿ ಹಾಗೇ ಬಿದ್ದ. ಅವನು ಬಿದ್ದಲ್ಲಿ ಒಂದು ಗುಂಡಿಯೇ ಆಯಿತು. ಅವಳು ಗುಂಡಿ ಬಳಸಿ ಹೋಗಬೇಕಾಯಿತು. ಆಗ ನಾನು ಉದ್ದಕ್ಕೆ ಬಿದ್ದು ಅವಳ ಪಾದದ ಗಂಟು ಹಿಡಿದೆ.

ಅವಳೂ ಬಿದ್ದಳು. ಕೈ ಚಾಚಿದಳು. ಅವಳ ಬೆರಳಿಗೂ ಗೆರೆಗೂ ನಡುವೆ ಎರಡು ಅಂಗುಲ ಉಳಿಯಿತು. ಕಬಡ್ಡಿ ಕಬಡ್ಡಿ ಎನ್ನುತ್ತ ಎಳೆಯುತ್ತಿದ್ದಾಳೆ, ಪುಟ್ಟ ಕಾಲು ನನ್ನ ಕೈಯಲ್ಲಿ ಒದ್ದಾಡುತ್ತಿದೆ. ಬಿಟ್ಟರೆ ಅವಳು ಹದಿನೈದಕ್ಕೇ ಹಿರಿಯಳಾಗುತ್ತಾಳೆ, ಯಾರ ಸಹಿಯೂ ಬೇಡದವಳಾಗುತ್ತಾಳೆ ಎಂಬ ಯೋಚನೆ ಬಂತು. ಹಿರಿಯನಾದವನು ಬಿಡಬೇಕಾಗಿತ್ತೇನೋ. ನಾನು ಹಿರಿಯನಾಗಿರಲಿಲ್ಲ, ಹತ್ತನೇ ತರಗತಿಯ ಹುಡುಗನಾಗಿದ್ದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ನಾನು ಬಿಡಲಿಲ್ಲ. ಅವಳ ಉಸಿರು ಮುಗಿಯಿತು. ಸೀಟಿ ಕೂಗಿತು.

ಅಂದಾನಪ್ಪ ಅಳುತ್ತಿದ್ದ. ಕಲ್ಲಪ್ಪನನ್ನು ಗುಂಡಿಯಿಂದ ಎಬ್ಬಿಸಲು ಎರಡೂ ತಂಡಗಳು ಬೇಕಾದವು. ಅಕ್ಷತಾ ಮರಳು ಕೊಡವಿಕೊಂಡು ನನ್ನ ಮುಂದೆ ಬಂದು ನಿಂತಳು, ಕಣ್ಣಲ್ಲಿ ನೀರು.

"ನನ್ನ ಕಾಲು ಬಿಡಬೇಕಿತ್ತು ನೀ."

"ಖರೆ."

"ಮುಂದಿನ ವರ್ಷ ನೀ ಆಡಾಕ ಇರೂದಿಲ್ಲ. ಸೇಡು ನಾ ಯಾರ ಮ್ಯಾಲೆ ತೀರಸ್ಕೊಳ್ಳಿ?" ಎಂದು ಅವಳು ಜೋರಾಗಿ ಅತ್ತಳು. ನಾನು ಸಮಾಧಾನ ಮಾಡಲು ಹೋದೆ. ಅವಳು ನನ್ನ ಹೊಟ್ಟೆಗೆ ಗುದ್ದಿ, ಆಮೇಲೆ ಅದೇ ಹೊಟ್ಟೆಗೆ ಮುಖ ಒತ್ತಿಕೊಂಡಳು.

ಸೋಮವಾರ ಬೆಳಿಗ್ಗೆ ಶಾಲೆಯ ಗೇಟಿನ ಮುಂದೆ ಜನಜಾತ್ರೆ. ಇಷ್ಟು ವರ್ಷ ನಮ್ಮ ಶಾಲೆಯ ಕಡೆ ತಲೆ ಹಾಕದ ತಂದೆತಾಯಂದಿರು ಮಕ್ಕಳ ಕೈಹಿಡಿದು ಪ್ರವೇಶಕ್ಕೆ ಸಾಲು ನಿಂತಿದ್ದರು. ಢಾಲು ಗೆದ್ದ ಶಾಲೆಯಲ್ಲಿ ಮರುವರ್ಷ ಎಳೆಯರೇ ಇರುತ್ತಾರೆ, ಅದು ಮತ್ತೆ ಗೆಲ್ಲಲು ನಾಲ್ಕೈದು ವರ್ಷವಾದರೂ ಬೇಕು ಎಂಬುದು ಅವರಿಗೆ ಹೊಳೆದಂತಿರಲಿಲ್ಲ. ನಾನೂ ಹೇಳಲು ಹೋಗಲಿಲ್ಲ. ನನಗೆ ಅಷ್ಟೂ ಸಮವಸ್ತ್ರ ಹೊಲಿಯುವ ಕೆಲಸ ಬರುವುದಿತ್ತು.

ನಾವು ಏಳು ಮಂದಿ ಕೊನೆಯ ಸಲ ಪ್ರಾರ್ಥನೆ ಮಾಡಿ ಬೆಂಚಿನ ಮೇಲೆ ಕೂತೆವು. ಚನ್ನಬಸು ಮಾಸ್ತರರು ಟಿ.ಸಿ. ದಾಖಲೆಯ ದೊಡ್ಡ ಪುಸ್ತಕ ಬಿಚ್ಚಿದರು. ಒಂದು ಹೆಸರಿನ ಕೆಳಗೆ ಇನ್ನೊಂದು ಹೆಸರು, ಹುಟ್ಟಿದ ದಿನ, ನಡತೆ, ಕೊನೆಯಲ್ಲಿ ಶಾಲೆ ಬಿಡಲು ಕಾರಣ. ಯಾರ ನಡತೆಯನ್ನೂ ಅವರು ಕೇಳಲಿಲ್ಲ, ಎಲ್ಲರಿಗೂ ಉತ್ತಮ ಎಂದು ಬರೆದರು. ಕಾರಣವನ್ನು ಮಾತ್ರ ಒಬ್ಬೊಬ್ಬರನ್ನೇ ಕರೆದು ಕೇಳಿದರು. ಅಂದಾನಪ್ಪ, "ಸಾಕಾತ್ರಿ" ಅಂದ. ಈಶ್ವರಿ, "ಕಣ್ಣು ಕಾಣವಲ್ವು, ಬೋರ್ಡಿನ ಅಕ್ಷರ ಕೂಡವಲ್ವು" ಅಂದಳು. ಕಲ್ಲಪ್ಪ, "ಮಂಡಿ ನೋವು" ಅಂದ.

"ಕಸ್ತೂರಿ" ಎಂದು ಕರೆದರು. ಅವಳು ಮೇಜಿನ ಹತ್ತಿರ ಹೋಗಿ ನಿಂತಳು. ಎರಡು ಜಡೆಯ ರಿಬ್ಬನ್ನುಗಳನ್ನು ಬಿಚ್ಚಿ, ಮಡಚಿ, ಮೇಜಿನ ಮೇಲಿಟ್ಟಳು.

"ಶಾಲೆ ಬಿಡಲು ಕಾರಣ?"

"ಮದುವಿ ಅಂತ ಬರೀರಿ ಸರ್."

ಮಾಸ್ತರರ ಪೆನ್ನು ನಿಂತುಹೋಯಿತು. "ಮದುವಿ? ಯಾರ ಕೂಡ?"

"ಅದಕ್ಕ ಇದರಾಗ ಜಾಗಾ ಇಲ್ಲಲ್ರಿ. ನೀವು ಇದ್ದಷ್ಟ ಬರೀರಿ" ಅಂದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ, ಬಂದು ತನ್ನ ಬೆಂಚಿನಲ್ಲಿ ಕೂತಳು. ಅವಳ ಕಿವಿ ಮಾತ್ರ ಕೆಂಪಗಾಗಿತ್ತು.

"ಫಕೀರಪ್ಪ."

"ಹಾಜರ್" ಅಂದೆ, ರೂಢಿಬಲದಿಂದ. ತರಗತಿಯೆಲ್ಲ ನಕ್ಕಿತು. ಮೇಜಿನ ತನಕ ಹೋಗುವಷ್ಟರಲ್ಲಿ ನನ್ನ ಕಾಲು ಎರಡು ಸಲ ತೊಡರಿತು.

"ನಿನ್ನ ಕಾರಣ ಏನಪಾ?"

ಮೇಲಿನ ಸಾಲಿನ ಮಸಿ ಇನ್ನೂ ಆರಿರಲಿಲ್ಲ. ನಾನು ಅದರ ಮೇಲೆ ಬೆರಳಿಟ್ಟು ತೋರಿಸಿದೆ.

"ಮ್ಯಾಲಿನ ಹಂಗ ಅಂತ ಬರೀರಿ ಸರ್."

ಚನ್ನಬಸು ಮಾಸ್ತರರು ಅವಳ ಕಾರಣದ ಕೆಳಗೆ ಎರಡು ಸಣ್ಣ ಗೀಟು ಎಳೆದು, ಮುದ್ರೆ ಒತ್ತಿದರು.